ಗಿಟಾರ್ ಬಾಡಿಯ ಮೇಲೆ ಬಟ್ಟೆಯಲ್ಲೇ ಸನ್‌ಬರ್ಸ್ಟ್: ಹಳದಿಯಿಂದ ಕಡುಕಂದಿನವರೆಗೆ

ಸನ್‌ಬರ್ಸ್ಟ್‌ನಲ್ಲಿ ಗಿಟಾರ್ ಬಾಡಿಯ ನಡುಭಾಗ ತಿಳಿಯಾಗಿದ್ದು ಅಂಚಿನ ಕಡೆಗೆ ಬಣ್ಣ ಗಾಢವಾಗುತ್ತಾ ಹೋಗುತ್ತದೆ. ನಡುವೆ ಹಳದಿ ಬಳಿಯುವುದು ಸುಲಭ, ಅಂಚನ್ನು ಕಪ್ಪಾಗಿಸುವುದೂ ಸುಲಭ. ಕೆಲಸ ಕೆಡುವುದು ಅವೆರಡರ ನಡುವಿನ ಎರಡು ಅಂಗುಲ ಜಾಗದಲ್ಲಿ. ಅಲ್ಲಿ ಗೆರೆ ಎದ್ದು ಕಂಡರೆ, ಇಲ್ಲವೇ ಹಳದಿ ಕಪ್ಪಿಗೆ ತಾಗಿ ಪಾಚಿ ಬಣ್ಣಕ್ಕೆ ತಿರುಗಿದರೆ, ಮೇಲೆ ಎಷ್ಟು ಒಳ್ಳೆಯ ಲ್ಯಾಕರ್ (ಹೊಳಪು ಕೊಡುವ ಪಾರದರ್ಶಕ ಲೇಪ) ಹೊಡೆದರೂ ಅದು ಮುಚ್ಚಿಹೋಗುವುದಿಲ್ಲ. ಹೊಳಪು ಬಂದಮೇಲೆ ಇನ್ನೂ ಚೆನ್ನಾಗಿ ಕಾಣುತ್ತದೆ ಅಷ್ಟೆ. ಹಾಗಾಗಿ ಇಲ್ಲಿ ಹೆಚ್ಚಿನ ಮಾತು ಆ ಎರಡು ಅಂಗುಲದ ಬಗ್ಗೆಯೇ.

ಕಾರ್ಖಾನೆಗಳು ಸಾಮಾನ್ಯವಾಗಿ ಸನ್‌ಬರ್ಸ್ಟ್ ಮಾಡುವುದು ಸ್ಪ್ರೇ ಗನ್‌ನಿಂದ. ಮರಕ್ಕೆ ಹಳದಿ ಕೊಟ್ಟು, ಗಾಢ ಬಣ್ಣಗಳನ್ನು ಲ್ಯಾಕರ್‌ನಲ್ಲಿ ಬೆರೆಸಿ ಅಂಚಿಗೆ ಮಂಜಿನಂತೆ ಹೊಡೆಯುತ್ತಾರೆ. ಇಲ್ಲಿ ಹೇಳುತ್ತಿರುವುದು ಬೇರೆ ದಾರಿ: ಬಣ್ಣವನ್ನು ಬಟ್ಟೆಯಿಂದ ಮರದೊಳಕ್ಕೇ ಇಳಿಸುವುದು. ಇದಕ್ಕೆ ಕಂಪ್ರೆಸರ್ ಬೇಡ. ಮರದ ಎಳೆ ಅಂಚಿನವರೆಗೂ ಮುಚ್ಚಿಹೋಗದೆ ಕಾಣುತ್ತದೆ, ಮೇಪಲ್‌ನಲ್ಲಿ ಅಲೆಅಲೆಯಾದ ಚಿತ್ತಾರವಿದ್ದರೆ ಅದು ಇನ್ನಷ್ಟು ತೆರೆದುಕೊಳ್ಳುತ್ತದೆ. ಸ್ಪ್ರೇಯಷ್ಟು ನಯವಾದ ಇಳಿಜಾರು, ಅಂದರೆ ತಿಳಿಯಿಂದ ಗಾಢಕ್ಕೆ ಬಣ್ಣ ಸಾಗುವ ರೀತಿ, ಕೈಯಲ್ಲಿ ಸಿಗುವುದು ಕಷ್ಟ. ಆದರೆ ಒಳ್ಳೆಯ ಮೇಪಲ್ ಇದ್ದರೆ ಈ ವಿಧಾನವೇ ಮೇಲು.

ಮರ

ಮೇಪಲ್ ಎಲ್ಲಕ್ಕಿಂತ ಒಳ್ಳೆಯದು. ಆಲ್ಡರ್ ಸಮವಾಗಿ ಬಣ್ಣ ಹೀರುತ್ತದೆ, ಆದರೆ ಎಳೆ ಅಷ್ಟಾಗಿ ಕಾಣದು. ಆಶ್ ಮರದಲ್ಲಿ ಗಟ್ಟಿ ಪಟ್ಟಿ ಮತ್ತು ಮೆತ್ತನೆ ಪಟ್ಟಿ ಬೇರೆ ಬೇರೆ ಪ್ರಮಾಣದಲ್ಲಿ ಬಣ್ಣ ಹೀರುವುದರಿಂದ ಬರ್ಸ್ಟ್ ಸ್ವಲ್ಪ ಒರಟಾಗಿ ಬರುತ್ತದೆ. ಆ ಮರಕ್ಕೆ ಅದೇ ಚೆಂದ. ಮಹಾಗನಿ ಮೊದಲೇ ಕೆಂಪುಕಂದು, ಅದರ ಮೇಲೆ ಹಳದಿ ಏಳುವುದಿಲ್ಲ. ಬಾಸ್‌ವುಡ್ ಅಲ್ಲಲ್ಲಿ ಹೆಚ್ಚು ಕುಡಿದು ಮಚ್ಚೆ ಮಚ್ಚೆಯಾಗುತ್ತದೆ. ಅದನ್ನೇ ಬಳಸಬೇಕಿದ್ದರೆ ಮೊದಲು ತೀರಾ ತೆಳುವಾದ ಶೆಲ್ಯಾಕ್ (ಅರಗಿನ ವಾರ್ನಿಶ್) ಒಂದು ಕೈ ಕೊಟ್ಟು (100 ಮಿ.ಲೀ. ಸ್ಪಿರಿಟ್‌ಗೆ 6 ಗ್ರಾಂ ಶೆಲ್ಯಾಕ್ ಚಕ್ಕೆ), ಒಣಗಿದ ಮೇಲೆ 320 ನಂಬರ್ ಸ್ಯಾಂಡ್‌ಪೇಪರ್ ಹಗುರವಾಗಿ ಆಡಿಸಿ, ಆಮೇಲೆ ಬಣ್ಣಕ್ಕೆ ಇಳಿಯಿರಿ.

ಹಳೆಯ ಗಿಟಾರ್‌ನ ಪೇಂಟ್ ತೆಗೆದು ಮಾಡುವವರು ಒಂದು ಪರೀಕ್ಷೆ ಮಾಡಲೇಬೇಕು. ಮರ ಬರಿದಾಗಿದೆ ಅನ್ನಿಸಿದ ಕಡೆ ಒಂದು ಹನಿ ನೀರು ಬಿಡಿ. ಹನಿ ಹರಡಿ ಒಳಗಿಳಿದು ಮರ ಕಪ್ಪಾದರೆ ಸರಿ. ಗುಂಡಗೆ ಮಣಿಯಂತೆ ನಿಂತರೆ ಅಲ್ಲಿ ಇನ್ನೂ ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಉಳಿದಿದೆ. ಅದರ ಮೇಲೆ ಬಣ್ಣ ಹಿಡಿಯದು, ಬಿಳಿ ದ್ವೀಪದಂತೆ ಉಳಿಯುತ್ತದೆ. ಮೇಲ್ಮೈ ತೆಳ್ಳನೆಯ ವಿನಿಯರ್ (ಅಂಟಿಸಿದ ಮರದ ಪದರ) ಆಗಿದ್ದರೆ ಅದರ ದಪ್ಪ ಒಂದು ಮಿ.ಮೀ. ಕೂಡ ಇರದಿರಬಹುದು, ಅಂಚಿನಲ್ಲಿ ಸ್ಯಾಂಡಿಂಗ್ ಮೆಷಿನ್ ಇಡಲೇಬೇಡಿ.

ಬಣ್ಣ

ಬೇಕಿರುವುದು ಡೈ, ಪಿಗ್ಮೆಂಟ್ ಸ್ಟೇನ್ ಅಲ್ಲ. ಡೈ ದ್ರವದಲ್ಲಿ ಪೂರ್ತಿ ಕರಗಿ ಮರದೊಳಕ್ಕೆ ಇಳಿಯುತ್ತದೆ, ಬೆಳಕು ಅದರ ಮೂಲಕ ಹಾದು ಬರುತ್ತದೆ. ಪಿಗ್ಮೆಂಟ್ ಎಂದರೆ ಕರಗದ ಪುಡಿ. ಅದು ರಂಧ್ರಗಳಲ್ಲಿ, ಗೀರುಗಳಲ್ಲಿ ಕೂತು ಮರವನ್ನು ಮಬ್ಬಾಗಿಸುತ್ತದೆ. ಬಾಟಲಿಯನ್ನು ಒಂದು ದಿನ ಅಲುಗಾಡಿಸದೆ ಇಟ್ಟು ತಳ ನೋಡಿ: ಮಡ್ಡಿ ಕೂತಿದ್ದರೆ ಪಿಗ್ಮೆಂಟ್ ಇದೆ.

ಡೈಗಳಲ್ಲಿ ನೀರಿನಲ್ಲಿ ಕರಗುವವು, ಸ್ಪಿರಿಟ್‌ನಲ್ಲಿ ಕರಗುವವು, ಎರಡರಲ್ಲೂ ಬೆರೆಯುವ ಸಾಂದ್ರ ದ್ರವಗಳು ಎಂದು ಮೂರು ಬಗೆ. ಬರ್ಸ್ಟ್‌ಗೆ ನೀರಿನಲ್ಲಿ ಬೆರೆಸಿ. ಸ್ಪಿರಿಟ್ ಕೆಲವೇ ಸೆಕೆಂಡಿನಲ್ಲಿ ಆರಿಹೋಗುತ್ತದೆ. ಬಣ್ಣದ ಅಂಚನ್ನು ಬೆಸೆಯುವಷ್ಟರಲ್ಲಿ ಅಲ್ಲಿ ಗೆರೆ ಕೂತಿರುತ್ತದೆ. ನೀರು ಹಲವು ನಿಮಿಷ ಕೊಡುತ್ತದೆ.

ಬೆಳಕಿಗೆ ಎಷ್ಟು ತಡೆಯುತ್ತದೆ ಎಂದೂ ನೋಡಿ ಕೊಳ್ಳಿ, ಅದರಲ್ಲೂ ಕೆಂಪನ್ನು. 1958ರಿಂದ 1960ರವರೆಗೆ ಗಿಬ್ಸನ್ ತಯಾರಿಸಿದ ಲೆಸ್ ಪಾಲ್ ಸ್ಟ್ಯಾಂಡರ್ಡ್ ಗಿಟಾರ್‌ಗಳಲ್ಲಿ ಅನೇಕವು ಇಂದು ಜೇನು ಬಣ್ಣಕ್ಕೋ ಚಹಾ ಬಣ್ಣಕ್ಕೋ ಇಳಿದಿವೆ. ಅವುಗಳ ಚೆರಿ ಕೆಂಪು ಬೆಳಕು ತಡೆಯದ ಡೈ ಆಗಿತ್ತು. ಈಗ ಸಿಗುವ ಲೋಹಸಂಯುಕ್ತ ಡೈಗಳು ಹೆಚ್ಚು ಕಾಲ ಬಾಳುತ್ತವೆ. ಆದರೂ ಕಿಟಕಿಯ ನೇರ ಬಿಸಿಲಿನಲ್ಲಿ ಯಾವ ಡೈಯೂ ಎಂದೆಂದಿಗೂ ನಿಲ್ಲದು.

ಸಾಂದ್ರ ದ್ರವ ಬಳಸುವುದಾದರೆ ಆರಂಭಕ್ಕೆ ಈ ಅಳತೆಗಳು ಸಾಕು. ಎಲ್ಲವೂ 100 ಮಿ.ಲೀ. ಶುದ್ಧೀಕರಿಸಿದ ನೀರಿಗೆ. ಹಳದಿ: 2 ಮಿ.ಲೀ. ನಿಂಬೆ ಹಳದಿ, ಜೊತೆಗೆ 5–6 ಹನಿ ಕೆಂಪುಕಂದು. ಆ ಹನಿಗಳಿಲ್ಲದಿದ್ದರೆ ಹಳದಿ ಪ್ಲಾಸ್ಟಿಕ್‌ನಂತೆ ಕಣ್ಣಿಗೆ ಚುಚ್ಚುತ್ತದೆ. ಆಂಬರ್: 3 ಮಿ.ಲೀ. ಜೇನು ಬಣ್ಣ. ಕೆಂಪು: 3 ಮಿ.ಲೀ. ಕೆಂಪು, 1 ಮಿ.ಲೀ. ಕಂದು, ಬರೀ ಕೆಂಪು ತೆಳುವಾದ ಕಡೆ ಗುಲಾಬಿಯಾಗುತ್ತದೆ. ಅಂಚಿಗೆ: 4 ಮಿ.ಲೀ. ಕಡುಕಂದು, 1 ಮಿ.ಲೀ. ಕಪ್ಪು. ಪುಡಿಯಾದರೆ 100 ಮಿ.ಲೀ. ಬಿಸಿ ನೀರಿಗೆ ಸುಮಾರು ಒಂದೂವರೆ ಗ್ರಾಂ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಕರಗದ ಒಂದು ಕಣ ಮೇಪಲ್ ಮೇಲೆ ಕೆಂಪು ಬಾಲ ಎಳೆದುಬಿಡುತ್ತದೆ. ಲೋಹದ ಪಾತ್ರೆ ಬೇಡ, ಗಾಜಿನದು ಇರಲಿ. ಒಂದು ಬಾಡಿಗೆ ಪ್ರತಿ ಬಣ್ಣ 100 ಮಿ.ಲೀ. ಧಾರಾಳವಾಗಿ ಸಾಕು. ಒಂದೇ ಸಲ ಬೆರೆಸಿಟ್ಟುಕೊಳ್ಳಿ, ನಡುವೆ ಮುಗಿದು ಮತ್ತೆ ಬೆರೆಸಿದರೆ ಅದೇ ಬಣ್ಣ ಬರುವುದಿಲ್ಲ.

ಅಂಚಿಗೆ ಬರೀ ಕಪ್ಪು ಬೇಡ ಎನ್ನುವುದಕ್ಕೆ ಕಾರಣವಿದೆ. ಕಪ್ಪು ಡೈಗಳಲ್ಲಿ ಬಹುಪಾಲು ನೀಲಿಯ ಕಡೆ ವಾಲಿರುತ್ತವೆ. ದಟ್ಟವಾಗಿದ್ದಾಗ ಅದು ಗೊತ್ತಾಗದು. ತೆಳುವಾಗಿ ಹಳದಿಯ ಮೇಲೆ ಹರಡಿದಾಗ ನೀಲಿ ಹಳದಿ ಸೇರಿ ಹಸಿರಾಗುತ್ತದೆ. ಬೆಸೆಯುವ ಜಾಗದಲ್ಲಿ ಬಣ್ಣ ತೆಳುವಾಗಿಯೇ ಇರುತ್ತದಲ್ಲ, ಹಸಿರು ಕಾಣುವುದು ಸರಿಯಾಗಿ ಅಲ್ಲಿಯೇ. ನಡುವೆ ಕೆಂಪೋ ಕೆಂಪುಕಂದೋ ಒಂದು ಪಟ್ಟಿ ಇದ್ದರೆ ಈ ತೊಂದರೆ ಬರುವುದಿಲ್ಲ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರ್ ಮೊದಲು ಎರಡು ಬಣ್ಣದ ಬರ್ಸ್ಟ್‌ನಲ್ಲಿತ್ತು, 1958ರಲ್ಲಿ ಕೆಂಪು ಸೇರಿ ಮೂರು ಬಣ್ಣವಾಯಿತು. ಎರಡೇ ಬಣ್ಣದ ಹಳೆಯ ನೋಟ ಬೇಕೆಂದರೂ ಅಂಚಿಗೆ ಕಪ್ಪಿಗಿಂತ ಕಡುಕಂದೇ ಸರಿ.

ಮೇಲ್ಮೈ ತಯಾರಿ

120, 150, 180, 220 — ಈ ಕ್ರಮದಲ್ಲಿ ಪೇಪರ್ ಆಡಿಸಿ, ಯಾವುದನ್ನೂ ಹಾರಿಸಬೇಡಿ. 120ರ ಗೀರು ಬರಿಗಣ್ಣಿಗೆ ಕಾಣದಿದ್ದರೂ ಡೈ ಬಿದ್ದಾಗ ಗೆರೆಯಾಗಿ ಏಳುತ್ತದೆ. ಮೆಷಿನ್ ಬಳಸಿದ್ದರೆ ಕೊನೆಯ 220 ಕೈಯಿಂದ, ಎಳೆಯ ಜಾಡಿನಲ್ಲೇ; ಮೆಷಿನ್ ಬಿಡುವ ಸುರುಳಿ ಗೀರುಗಳು ಹಳದಿಯಲ್ಲಿ ಅಡಗಿದ್ದು ಕೆಂಪಿನಲ್ಲಿ ಹೊರಬರುತ್ತವೆ. 220 ದಾಟಿ 400ಕ್ಕೆ ಹೋಗಬೇಡಿ. ಮರ ಹೊಳಪೇರಿ ರಂಧ್ರ ಮುಚ್ಚಿಕೊಳ್ಳುತ್ತದೆ, ಬಣ್ಣ ಪೇಲವವಾಗುತ್ತದೆ. ಎಳೆ ಅಡ್ಡ ಕೊಯ್ದ ತುದಿಗಳಲ್ಲಿ ಮಾತ್ರ, ಅಂದರೆ ಬಾಡಿಯ ತಳಭಾಗ, ನೆಕ್ (ಗಿಟಾರ್‌ನ ಕತ್ತು) ಕೂರುವ ಕಡೆ, ಅದರ ಇಕ್ಕೆಲದಲ್ಲಿ ಚಾಚಿರುವ ಕೊಂಬುಗಳ ಒಳ ತಿರುವಿನಲ್ಲಿ, 320ರವರೆಗೆ ಹೋಗಿ. ಅಲ್ಲಿ ಮರ ಬೇರೆಡೆಗಿಂತ ಬಹಳ ಹೆಚ್ಚು ಕುಡಿಯುತ್ತದೆ. ನುಣುಪಾದಷ್ಟೂ ಕುಡಿಯುವುದು ಕಡಿಮೆ.

ಧೂಳು ತೆಗೆದು, ಬಾಡಿಗೆ ನಾಫ್ತಾ (ಬೇಗ ಆರುವ ಪೆಟ್ರೋಲಿಯಂ ದ್ರಾವಕ) ಒರೆಸಿ ಓರೆ ಬೆಳಕಿನಲ್ಲಿ ನೋಡಿ. ಅಂಟು ಉಳಿದ ಜಾಗ ಒದ್ದೆಯಾಗದೆ ಬಿಳಿಚಿಕೊಂಡು ಕಾಣುತ್ತದೆ. ಪೆನ್ಸಿಲ್‌ನಿಂದ ಗುರುತು ಮಾಡಿ ಕೆರೆದು ತೆಗೆಯಿರಿ. ನಾಫ್ತಾ ಬೇಗ ಬೆಂಕಿ ಹಿಡಿಯುತ್ತದೆ. ಗಾಳಿಯಾಡುವ ಜಾಗದಲ್ಲಿ, ಉರಿಯಿಂದ ದೂರ ಈ ಕೆಲಸ ಮಾಡಿ.

ಆಮೇಲೆ ಬಾಡಿಯನ್ನು ಬರೀ ನೀರಿನಿಂದ ಸಮವಾಗಿ ಒದ್ದೆ ಮಾಡಿ, ಪೂರ್ತಿ ಒಣಗಲು ಬಿಡಿ. ಮುಟ್ಟಿದರೆ ಗಡ್ಡದ ಕುರುಚಲಿನಂತೆ ಒರಟಾಗಿರುತ್ತದೆ. ಎದ್ದ ನಾರನ್ನಷ್ಟೇ 320ರಿಂದ ಎರಡು ಮೂರು ಸಲ ಹಗುರವಾಗಿ ಸವರಿ ತೆಗೆಯಿರಿ. ಒತ್ತಿ ಉಜ್ಜಿದರೆ ಹೊಸ ನಾರು ಬಾಯಿ ತೆರೆದು ಮತ್ತೆ ಏಳುತ್ತದೆ. ಇದನ್ನು ಇನ್ನೊಮ್ಮೆ ಮಾಡಿ. ಈ ಹಂತ ಬಿಟ್ಟರೆ ನಾರು ಡೈ ಹಾಕಿದಾಗ ಏಳುತ್ತದೆ, ಆಗ ಉಜ್ಜಿದರೆ ಬಣ್ಣವೂ ಹೋಗುತ್ತದೆ.

ನೆಕ್ ಕೂರುವ ಗುಂಡಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಅಲ್ಲಿ ಲ್ಯಾಕರ್ ಸೇರಿದರೆ ನೆಕ್ ಬಿಗಿಯಾಗಿ ಸಿಕ್ಕಿಕೊಂಡು ಮೇಲ್ಮೈ ಬಿರುಕು ಬಿಡುತ್ತದೆ. ಅದೇ ಗುಂಡಿಯ ಸ್ಕ್ರೂ ತೂತುಗಳಿಗೆ ಒಂದು ಅಡಿ ಉದ್ದದ ಮರದ ಪಟ್ಟಿ ಬಿಗಿದುಕೊಂಡರೆ ಹಿಡಿದುಕೊಳ್ಳಲು, ತೂಗುಹಾಕಲು ಎರಡಕ್ಕೂ ಆಗುತ್ತದೆ. ಅಂಚಿಗೆ ಪ್ಲಾಸ್ಟಿಕ್ ಬೈಂಡಿಂಗ್ (ಅಂಚುಪಟ್ಟಿ) ಇದ್ದರೆ ಅದಕ್ಕೂ ಟೇಪ್. ಟೇಪಿನಡಿ ನುಸುಳಿದ್ದನ್ನು ಸೀಲರ್ ಹಾಕಿದ ಮೇಲೆ ಬ್ಲೇಡ್‌ನಿಂದ ಕೆರೆಯಬಹುದು.

ಗುರುತು ಮತ್ತು ಮಾದರಿ

ಬಾಡಿಯ ಆಕಾರವನ್ನು ಕಾಗದದ ಮೇಲೆ ತೆಗೆದು ಹಳದಿ ಎಲ್ಲಿಯವರೆಗೆ ಇರಬೇಕೆಂದು ಬರೆದುಕೊಳ್ಳಿ. ಹೊರ ಅಂಚನ್ನೇ ಸಮ ದೂರದಲ್ಲಿ ಒಳಕ್ಕೆ ಎಳೆದರೆ ನೋಟ ಗಡುಸಾಗುತ್ತದೆ. ಕೆಳಗಿನ ಅಗಲವಾದ ಭಾಗದಲ್ಲಿ ಗಾಢ ಪಟ್ಟಿ ದಪ್ಪವಾಗಿ, ಸೊಂಟದಲ್ಲಿ ತೆಳ್ಳಗೆ, ಕೊಂಬುಗಳಲ್ಲಿ ತುದಿ ಪೂರ್ತಿ ಮುಳುಗುವಂತೆ ಇರಲಿ. ಮಧ್ಯಮ ಅಳತೆಯ ಬಾಡಿಗೆ ಅಂಚಿನಿಂದ ಕಡುಕಂದು 10–15 ಮಿ.ಮೀ., ಕೆಂಪು ಅದರಿಂದ ಒಳಕ್ಕೆ 20–25 ಮಿ.ಮೀ., ಆಂಬರ್ ಮತ್ತೆ ಅಷ್ಟೇ. ಪಿಕ್‌ಗಾರ್ಡ್ (ಪಿಕ್‌ನ ಗೀರು ತಡೆಯುವ ತಗಡು) ಇಟ್ಟು ನೋಡಲು ಮರೆಯಬೇಡಿ. ಅದು ಅರ್ಧ ಬರ್ಸ್ಟ್ ನುಂಗಿಬಿಟ್ಟರೆ ಉಳಿದ ಕಡೆ ಬರೀ ಕಪ್ಪು ಕಾಣುತ್ತದೆ.

ಅದೇ ಮರದ ತುಂಡಿನ ಮೇಲೆ, ಅದೇ ನಂಬರ್‌ವರೆಗೆ ಉಜ್ಜಿ, ಒಂದು ಅಂಗೈ ಅಗಲದ ಪೂರ್ತಿ ಬರ್ಸ್ಟ್ ಮಾಡಿ, ಮೇಲೆ ಕ್ಲಿಯರ್ (ಬಣ್ಣವಿಲ್ಲದ ಮೇಲಿನ ಲೇಪ) ಕೂಡ ಹಾಕಿ. ಒಣಗಿದ ಡೈ ಮಂಕಾಗಿ, ಸುಣ್ಣ ಬಳಿದಂತೆ ಕಾಣುತ್ತದೆ. ಅದನ್ನೇ ನಂಬಿ ಬಣ್ಣ ಗಟ್ಟಿ ಮಾಡಿದವರ ಗಿಟಾರ್ ಕ್ಲಿಯರ್ ಬಿದ್ದಾಗ ಕಪ್ಪಾಗಿಬಿಡುತ್ತದೆ. ಒದ್ದೆ ಇದ್ದಾಗ ಕಾಣುವ ಬಣ್ಣವೇ ಹೆಚ್ಚುಕಡಿಮೆ ಕೊನೆಯ ಬಣ್ಣ.

ಬಣ್ಣ ಇಳಿಸುವುದು

ಕೈಗೆ ನೈಟ್ರೈಲ್ ಗ್ಲೌಸ್. ಬಳಿಯಲು ನೂಲು ಬಿಡದ ಹಳೆಯ ಬನಿಯನ್ ಬಟ್ಟೆ, ಪ್ರತಿ ಬಣ್ಣಕ್ಕೆ ಬೇರೆ. ಜೊತೆಗೆ ನೀರು ತುಂಬಿದ ಸಣ್ಣ ಸ್ಪ್ರೇ ಬಾಟಲಿ.

ಮೇಪಲ್‌ನಲ್ಲಿ ಚಿತ್ತಾರ ಎಬ್ಬಿಸಬೇಕಿದ್ದರೆ ಮೊದಲು ಅಂಚಿನ ಕಡುಕಂದನ್ನು ನಾಲ್ಕು ಪಟ್ಟು ನೀರಿಗೆ ತೆಳು ಮಾಡಿ ಮುಂಭಾಗಕ್ಕೆಲ್ಲ ಒರೆಸಿ. ಒಣಗಿದ ಮೇಲೆ 220ರಿಂದ ಉಜ್ಜಿ ಹೆಚ್ಚಿನದನ್ನು ತೆಗೆಯಿರಿ. ಅಲೆಯ ಆಳದಲ್ಲಿ ಬಣ್ಣ ಉಳಿದು, ಏರಿನಲ್ಲಿ ಮರ ಬೆಳ್ಳಗಾಗುತ್ತದೆ. ಇದರ ಮೇಲೆ ಬಿದ್ದ ಹಳದಿಗೆ ಆಳ ಬರುತ್ತದೆ. ಆಲ್ಡರ್, ಆಶ್‌ಗೆ ಇದು ಬೇಡ.

ಈಗ ಹಳದಿ. ಬದಿಗಳೂ ಸೇರಿ ಇಡೀ ಬಾಡಿ ತೊಯ್ಯುವಷ್ಟು ಬಳಿದು, ಒಂದೆರಡು ನಿಮಿಷ ಬಿಟ್ಟು, ನಿಂತ ನೀರನ್ನು ಒಣ ಬಟ್ಟೆಯಿಂದ ಎಳೆಯ ಜಾಡಿನಲ್ಲಿ ಒರೆಸಿ. ತೊಯ್ಯಿಸಿ ಬಳಿದರೆ ಮರ ತನಗೆ ಬೇಕಾದಷ್ಟು ಕುಡಿದು ಸಮವಾಗುತ್ತದೆ; ಜಿಪುಣತನ ಮಾಡಿದರೆ ಕೈ ಗುರುತು ಬೀಳುತ್ತದೆ. ಒಣಗಿದ ಮೇಲೆ ಇನ್ನೊಂದು ಕೈ.

ಇಲ್ಲಿಂದ ಮುಂದಿನದೆಲ್ಲ ಒಂದೇ ತತ್ವದ ಮೇಲೆ ನಿಂತಿದೆ: ಗಾಢ ಬಣ್ಣ ಎಂದೂ ಒಣ ಮರದ ಮೇಲೆ ಕೊನೆಯಾಗಬಾರದು. ಒಣ ಮರ ಬಣ್ಣವನ್ನು ಮುಟ್ಟಿದಲ್ಲೇ ಹೀರುತ್ತದೆ, ಅದೇ ಗೆರೆ. ಮರ ಮೊದಲೇ ಒದ್ದೆಯಿದ್ದರೆ ಬಣ್ಣ ಅದರಲ್ಲಿ ತೇಲಿ ತಾನಾಗಿ ತೆಳುವಾಗುತ್ತಾ ಹೋಗುತ್ತದೆ. ಆದ್ದರಿಂದ ಆಂಬರ್ ಹಚ್ಚುವ ಮೊದಲು ಇಡೀ ಮುಂಭಾಗವನ್ನು ಮತ್ತೆ ಹಳದಿಯಿಂದ ಒದ್ದೆ ಮಾಡಿ. ಒದ್ದೆ ಎಂದರೆ ಹೊಳೆಯಬೇಕು, ಹರಿಯಬಾರದು.

ಆಂಬರ್ ಬಟ್ಟೆಯನ್ನು ಹಿಂಡಿ, ಅಂಚಿನಿಂದ ಶುರುಮಾಡಿ ಸುತ್ತಲೂ ಅಂಚಿಗೆ ಸಮನಾಗಿ ಉದ್ದುದ್ದ ಎಳೆಯಿರಿ. ಗುರುತಿಗಿಂತ ಒಂದು ಬೆರಳಗಲ ಹೊರಗೇ ನಿಲ್ಲಿಸಿ, ಬೆಸೆಯುವಾಗ ಅದು ಒಳಕ್ಕೆ ಹರಡುತ್ತದೆ. ತಕ್ಷಣ ಇನ್ನೊಂದು ಬಟ್ಟೆಯನ್ನು ಹಳದಿಯಲ್ಲಿ ಅದ್ದಿ ಹಿಂಡಿ, ನಡುವಿನಿಂದ ಅಂಚಿನ ಕಡೆಗೆ ಎಳೆಯಿರಿ, ಗಡಿ ದಾಟಿದ ಕೂಡಲೇ ಕೈ ಎತ್ತಿಬಿಡಿ. ದಿಕ್ಕು ಯಾವಾಗಲೂ ತಿಳಿಯಿಂದ ಗಾಢಕ್ಕೆ. ಹಿಂದಕ್ಕೆ ಎಳೆದರೆ ಗಾಢ ಬಣ್ಣ ನಡುವಿಗೆ ಬರುತ್ತದೆ, ಬಂದದ್ದು ಪೂರ್ತಿ ಹೋಗುವುದಿಲ್ಲ. ಎರಡು ಎಳೆತಕ್ಕೊಮ್ಮೆ ಬಟ್ಟೆಯ ಮಡಿಕೆ ತಿರುಗಿಸಿ ಶುದ್ಧ ಮುಖ ತನ್ನಿ. ಗಡಿ ಒಣಗುತ್ತಿದೆ ಅನ್ನಿಸಿದರೆ ಸ್ಪ್ರೇ ಬಾಟಲಿಯಿಂದ ಒಂದು ಸಲ ಮಂಜು ಹಾಯಿಸಿ.

ಕೆಂಪೂ ಹೀಗೆಯೇ, ಬೆಸೆಯುವ ಬಟ್ಟೆಯಲ್ಲಿ ಈಗ ಆಂಬರ್ ಇರಲಿ. ಪ್ರತಿ ಗಾಢ ಬಣ್ಣವನ್ನು ಅದರ ಹಿಂದಿನ ಬಣ್ಣದಿಂದ ಬೆಸೆಯಬೇಕು. ಬರೀ ನೀರಿನಿಂದ ಬೆಸೆದರೆ ಕೆಳಗಿನ ಬಣ್ಣವೂ ತೊಳೆದು ಅಲ್ಲೊಂದು ಪೇಲವ ಬಳೆ ಉಳಿಯುತ್ತದೆ.

ಕಡುಕಂದನ್ನು ಬದಿಗಳಿಂದ ಶುರುಮಾಡಿ. ಬದಿ ಮುಗಿಸಿ, ಅಂಚಿನ ದುಂಡು ಹತ್ತಿಸಿ, ಆಮೇಲೆ ಮುಂಭಾಗಕ್ಕೆ ಒಂದು ಸೆಂ.ಮೀ. ಒಳಗೆ. ಒಂದೇ ಸಲಕ್ಕೆ ಕಪ್ಪು ಬರಿಸಲು ಹೋಗಬೇಡಿ. ಮೂರು ನಾಲ್ಕು ತೆಳು ಕೈಗಳು, ಪ್ರತಿಯೊಂದೂ ಹಿಂದಿನದಕ್ಕಿಂತ ಸ್ವಲ್ಪ ಹೊರಗೆ ನಿಲ್ಲಬೇಕು. ಆಗ ಇಳಿಜಾರು ತಾನಾಗಿಯೇ ಬರುತ್ತದೆ. ಅಡ್ಡ ಕೊಯ್ದ ತುದಿಗಳಿಗೆ ಅರ್ಧಕ್ಕೆ ತೆಳು ಮಾಡಿದ ಬಣ್ಣ ಕೊಡಿ.

ಎಲ್ಲ ಮುಗಿದ ಮೇಲೆ ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಬಣ್ಣದ ಆಕರ್ಷಣೆ ಇಲ್ಲದಾಗ ಇಳಿಜಾರು ಎಲ್ಲಿ ಮುರಿದಿದೆ, ಎಡಬಲ ಎಲ್ಲಿ ಹೊಂದಿಲ್ಲ ಎಂಬುದು ಕೂಡಲೇ ಕಾಣುತ್ತದೆ. ಮೂರು ಮೀಟರ್ ದೂರದಿಂದಲೂ ನೋಡಿ.

ಕೆಟ್ಟಲ್ಲಿ

ಗೆರೆ ಕೂತಿದ್ದರೆ: ಆ ಜಾಗದ ಎರಡೂ ಬಣ್ಣಗಳಲ್ಲಿ ತಿಳಿಯದನ್ನು ಧಾರಾಳವಾಗಿ ಹಾಕಿ, ನಿಮಿಷ ಬಿಟ್ಟು, ಬೂದು ಬಣ್ಣದ ನಯವಾದ ಅಬ್ರೇಸಿವ್ ಪ್ಯಾಡ್‌ನಿಂದ ಎಳೆಯ ಜಾಡಿನಲ್ಲಿ ಹಗುರವಾಗಿ ಉಜ್ಜಿ ಒರೆಸಿ. ನೀರಿನ ಡೈ ಸೀಲ್ ಆಗುವವರೆಗೆ ಮತ್ತೆ ಕರಗುತ್ತದೆ, ಇದು ದೊಡ್ಡ ಅನುಕೂಲ. ಹಸಿರು ಕಂಡರೆ ಅದರ ಮೇಲೆ ತೆಳು ಕೆಂಪು ಒಂದು ಕೈ. ಕೆಂಪು ಹಸಿರನ್ನು ಕೊಂದು ಕಂದು ಮಾಡುತ್ತದೆ. ನಡುವೆ ಗಾಢ ಹನಿ ಬಿದ್ದರೆ ಆ ಕ್ಷಣವೇ ನೀರಿನಿಂದ ತೊಯ್ಯಿಸಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಅದು ಒಣಗಿಹೋಗಿದ್ದರೆ ಪೂರ್ತಿ ನಡುಭಾಗವನ್ನೇ 220ರಿಂದ ಉಜ್ಜಿ ಮತ್ತೆ ಹಳದಿಯಿಂದ ಶುರು. ಆ ಒಂದು ಮಚ್ಚೆಯನ್ನಷ್ಟೇ ಉಜ್ಜಿದರೆ ತಗ್ಗೂ ಉಳಿಯುತ್ತದೆ, ಬಿಳಿ ಗುರುತೂ ಉಳಿಯುತ್ತದೆ.

ಸೀಲರ್, ಕ್ಲಿಯರ್

ಒಂದು ರಾತ್ರಿ ಪೂರ್ತಿ ಒಣಗಲಿ. ನೀರಿನ ಡೈ ಮೇಲೆ ನೇರವಾಗಿ ನೀರಿನ ವಾರ್ನಿಶ್ ಬ್ರಷ್‌ನಿಂದ ಬಳಿದರೆ ಬರ್ಸ್ಟ್ ಬ್ರಷ್‌ಗೇ ಎದ್ದು ಬರುತ್ತದೆ. ಸ್ಪಿರಿಟ್ ಡೈ ಮೇಲೆ ಶೆಲ್ಯಾಕ್ ಒರೆಸಿದರೂ ಅದೇ ಕಥೆ. ನೀರಿನ ಡೈ ಮೇಲೆ ಮೇಣ ತೆಗೆದ ಶೆಲ್ಯಾಕ್ ಸುರಕ್ಷಿತ: 100 ಮಿ.ಲೀ. ಸ್ಪಿರಿಟ್‌ಗೆ 12 ಗ್ರಾಂ ಚಕ್ಕೆ. ಸಾಂದ್ರ ದ್ರವದ ಡೈ ಸ್ಪಿರಿಟ್‌ಗೂ ಕರಗುವುದರಿಂದ ಅದರ ಮೇಲೆ ಮೊದಲೆರಡು ಕೈಗಳನ್ನು ಸ್ಪ್ರೇ ಕ್ಯಾನ್‌ನಿಂದ, ದೂರದಿಂದ, ಧೂಳು ಕೂತಂತೆ ಹೊಡೆಯಿರಿ. ಆಶ್‌ನಂತಹ ತೆರೆದ ರಂಧ್ರದ ಮರಕ್ಕೆ ಗ್ರೇನ್ ಫಿಲ್ಲರ್ (ರಂಧ್ರ ತುಂಬುವ ಪೇಸ್ಟ್) ಹಾಕುವುದು ಈ ಸೀಲ್ ಆದ ಮೇಲೆಯೇ. ಬಣ್ಣಕ್ಕಿಂತ ಮೊದಲು ಹಾಕಿದರೆ ಅದು ಡೈಯನ್ನು ತಡೆಯುತ್ತದೆ.

ಮೇಲೆ ನೈಟ್ರೊ (ನೈಟ್ರೊಸೆಲ್ಯುಲೋಸ್) ಲ್ಯಾಕರ್ ಆಗಲಿ, ಪಾಲಿಯುರಿಥೇನ್ ಆಗಲಿ ಹಾಕಬಹುದು. ನೈಟ್ರೊ ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ, ಹಾಗಾಗಿ ಹಳದಿಯನ್ನು ಒಂದು ಮೆಟ್ಟಿಲು ಕಡಿಮೆಯೇ ಇಟ್ಟಿರಿ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಅದನ್ನು ಹೊಡೆದರೆ ಹಾಲು ಬಿದ್ದಂತೆ ಬೆಳ್ಳಗಾಗುತ್ತದೆ, ಕಡುಕಂದು ಅಂಚಿನಲ್ಲಿ ಅದು ಮೊದಲು ಕಾಣುತ್ತದೆ. ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕೇ ಬೇಕು. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಎಣ್ಣೆಯ ಫಿನಿಶ್ ಹಾಕುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಮೊದಲ ಐದಾರು ಕೈ ಕ್ಲಿಯರ್ ಆಗುವವರೆಗೆ ಅಂಚಿಗೆ ಪೇಪರ್ ತಾಗಿಸಲೇಬೇಡಿ. ದುಂಡು ಅಂಚಿನಲ್ಲಿ ಲ್ಯಾಕರ್ ಎಲ್ಲಕ್ಕಿಂತ ತೆಳ್ಳಗಿರುತ್ತದೆ. ಒಂದೇ ಎಳೆತಕ್ಕೆ ಕಡುಕಂದು ಹೋಗಿ ಬಿಳಿ ಮರ ಕಾಣುತ್ತದೆ, ಅದನ್ನು ಕಾಣದಂತೆ ತಿದ್ದುವುದು ಬಹಳ ಕಷ್ಟ. ಮಟ್ಟಸ ಮಾಡುವಾಗಲೂ ಅಂಚಿನ 10 ಮಿ.ಮೀ. ಬಿಟ್ಟು ಮಿಕ್ಕದ್ದನ್ನು ಬ್ಲಾಕ್‌ಗೆ ಸುತ್ತಿದ ಪೇಪರ್‌ನಿಂದ, ಅಂಚನ್ನು ಬರಿ ಬೆರಳಿನಿಂದ ಹಗುರವಾಗಿ. ನೈಟ್ರೊ ಆದರೆ ಮೂರು ನಾಲ್ಕು ವಾರ, ಮೂಗಿಟ್ಟರೆ ವಾಸನೆ ಬರದಷ್ಟು ಒಣಗಿದ ಮೇಲೆ 1000, 1500, 2000 ನೀರು ಪೇಪರ್, ಆಮೇಲೆ ಪಾಲಿಶಿಂಗ್ ಕಾಂಪೌಂಡ್.

ನೆಕ್ ಗುಂಡಿಯ ಟೇಪನ್ನು ಹಾಗೇ ಎಳೆಯದೆ ಮೊದಲು ಅದರ ಅಂಚಿನಲ್ಲಿ ಬ್ಲೇಡ್‌ನಿಂದ ಗೀರಿ, ಇಲ್ಲವಾದರೆ ಲ್ಯಾಕರ್ ಚಕ್ಕೆ ಜೊತೆಗೇ ಬರುತ್ತದೆ. ಪ್ರತಿ ಸ್ಕ್ರೂ ತೂತಿನ ಬಾಯಲ್ಲಿ ತೂತಿಗಿಂತ ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಒಂದೆರಡು ಸುತ್ತು ತಿರುಗಿಸಿ ಲ್ಯಾಕರ್ ತೆಗೆದರೆ ಸ್ಕ್ರೂ ಬಿಗಿಯುವಾಗ ಸುತ್ತಲೂ ಬಿರುಕು ಬಿಡುವುದಿಲ್ಲ. ನೈಟ್ರೊ ಹಾಕಿದ ಗಿಟಾರ್ ಆದರೆ ಸ್ಟ್ಯಾಂಡ್‌ನ ರಬ್ಬರ್‌ಗೆ ತಾಗದಂತೆ ಹತ್ತಿ ಬಟ್ಟೆ ಸುತ್ತಿ; ರಬ್ಬರ್ ಆ ಲ್ಯಾಕರ್ ಅನ್ನು ಮೆತ್ತಗೆ ಮಾಡಿ ಗುರುತು ಬಿಡುತ್ತದೆ.